ಮದುವೆಯೂ ಬೇಡ, ಸನ್ಯಾಸವೂ ಅಲ್ಲ

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯನಿಗೆ ಪಾಠ ಹೇಳುವುದೊಂದೇ ಕೆಲಸವಲ್ಲ. ಅರ್ಜಿ ಬರೆದುಕೊಡುವುದು, ಜಾಗದ ತಕರಾರು ಬಂದಾಗ ಎರಡು ಮನೆಗಳ ನಡುವೆ ಕುಳಿತು ಮಾತಾಡುವುದು, ಮದುವೆಗೆ ಒಪ್ಪದ ಮಕ್ಕಳಿಗೆ ಬುದ್ಧಿ ಹೇಳುವುದು, ಇವೆಲ್ಲ ಅವನ ಪಾಲಿಗೆ ತಾವಾಗಿಯೇ ಬಂದು ಸೇರುತ್ತವೆ. ನಮ್ಮ ಕಾಸರಗೋಡಿನ ಕಡೆಯಲ್ಲಂತೂ 'ಮಾಷ್ಟ್ರು' ಹೇಳಿದರೆ ಮಾತು ನಿಂತೀತು ಎಂಬ ನಂಬಿಕೆ ಇನ್ನೂ ಪೂರ್ತಿಯಾಗಿ ಅಳಿದಿಲ್ಲ.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಾಯಂಕಾಲ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ನಮ್ಮ ಮನೆಗೆ ಬಂದರು. ಸಾಧಾರಣ ಅಡಿಕೆ ತೋಟವುಳ್ಳ ಸಜ್ಜನರು. ಮಗಳಿಗೆ ಆಗ ಮೂವತ್ತಮೂರು ವರ್ಷ. ಪಟ್ಟಣದಲ್ಲಿ ಒಳ್ಳೆಯ ಉದ್ಯೋಗ, ಯಾರೂ ಬೆರಳೆತ್ತಿ ತೋರಿಸುವಂತಿಲ್ಲದ ನಡತೆ. ಬಂದ ಸಂಬಂಧಗಳನ್ನೆಲ್ಲ ಅವಳು ನಯವಾಗಿ ಬೇಡವೆಂದಿದ್ದಳು. "ನಮ್ಮ ಮಾತು ಮುಗಿಯಿತು ಮಾಷ್ಟ್ರೇ. ನೀವು ಹೇಳಿದರೆ ಕೇಳಿಯಾಳು" ಎಂದು ಅವರು ಕಣ್ಣು ಒರೆಸಿಕೊಂಡರು.

ನಾನು ಹೋದೆ. ಗೃಹಸ್ಥಾಶ್ರಮದ ಹಿರಿಮೆಯ ಮೇಲೆ ಅರ್ಧ ಗಂಟೆ ಮಾತಾಡಿದೆ. ನಾಲ್ಕನೆಯ ತರಗತಿಯಲ್ಲಿ ಕುಳಿತು ಕೇಳುತ್ತಿದ್ದ ಅದೇ ಶಾಂತಿಯಿಂದ ಅವಳು ಎಲ್ಲವನ್ನೂ ಕೇಳಿ, ಕೊನೆಗೆ ಹೇಳಿದಳು: "ಮಾಷ್ಟ್ರೇ, ನನಗೆ ಯಾರ ಮೇಲೂ ಸಿಟ್ಟಿಲ್ಲ. ಯಾರಲ್ಲಿಯೂ ಮನಸ್ಸು ಸಿಕ್ಕಿಕೊಂಡಿಲ್ಲ. ಗಂಡಸರನ್ನು ಕಂಡರೆ ಹೆದರಿಕೆಯೂ ಇಲ್ಲ. ಆ ಒಂದು ಆಸೆ ನನ್ನಲ್ಲಿ ಹುಟ್ಟಲೇ ಇಲ್ಲ. ಹುಟ್ಟದ್ದನ್ನು ಎಲ್ಲಿಂದ ತರಲಿ?"

ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದವನು ಮಾಡುವಂತೆ ಪ್ರಶ್ನೆಯನ್ನೇ ಕೇಳಿದೆ: "ವೈದ್ಯರಿಗೆ ತೋರಿಸಿದ್ದೀಯಾ, ಮಗಳೇ?" ಅವಳ ಮುಖ ಬಾಡಿತು. ಎದ್ದು ಒಳಗೆ ಹೋಗಿ ಒಂದು ಪುಸ್ತಕವನ್ನು ತಂದು ನನ್ನ ಕೈಗಿತ್ತಳು. "ಇದನ್ನು ಓದಿ ನೋಡಿ. ಆಮೇಲೆ ಪುನಃ ಬನ್ನಿ." ಈ ಲೇಖನ ಆ ಪುಸ್ತಕದಿಂದ ಹುಟ್ಟಿದ್ದು, ಅವಳ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ.

ಬಲದಿಂದ ಎಡಕ್ಕೆ ಓದುವ ಪುಸ್ತಕ

ಅದು ಜಪಾನಿನ ಚಿತ್ರಕಥೆ, ಇಂಗ್ಲಿಷಿಗೆ ಅನುವಾದವಾದದ್ದು. ಜಪಾನೀಯರು ಇಂಥ ಚಿತ್ರಕಥೆಗಳನ್ನು ಮಾಂಗಾ ಎನ್ನುತ್ತಾರೆ. ನಮ್ಮ ದೃಷ್ಟಿಗೆ ಯಾವುದು ಕೊನೆಯ ಪುಟವೋ ಅದೇ ಅಲ್ಲಿ ಮೊದಲ ಪುಟ. ಚಿತ್ರದ ಚೌಕಟ್ಟುಗಳನ್ನೂ ಬಲದಿಂದ ಎಡಕ್ಕೆ ಓದಿಕೊಂಡು ಹೋಗಬೇಕು. ಐವತ್ತಾರನೆಯ ವಯಸ್ಸಿನಲ್ಲಿ ನನಗೆ ಓದುವುದನ್ನು ಹೊಸದಾಗಿ ಕಲಿಯಬೇಕಾಯಿತು. ಮೊದಲ ಹತ್ತು ಪುಟಗಳನ್ನು ತಪ್ಪಾಗಿಯೇ ಓದಿ, ಪ್ರಶ್ನೆಗಿಂತ ಮುಂಚೆ ಉತ್ತರ ಬರುವುದನ್ನು ಕಂಡು ಬೆರಗಾದೆ. ಮಾಂಗಾ ಎಂದರೆ ಮಕ್ಕಳ ವಿನೋದವೆಂದು ಭಾವಿಸಬಾರದು. ಜಪಾನಿನಲ್ಲಿ ಗೃಹಿಣಿಯರು, ಕಚೇರಿಯ ನೌಕರರು, ವೃದ್ಧರು ಎಲ್ಲರೂ ತಮ್ಮ ತಮ್ಮ ಅಭಿರುಚಿಗೆ ಹೊಂದುವ ಮಾಂಗಾಗಳನ್ನು ಓದುತ್ತಾರೆ.

ಪುಸ್ತಕದ ಹೆಸರು 'ಈಸ್ ಲವ್ ದಿ ಆನ್ಸರ್?', ಎಂದರೆ 'ಪ್ರೇಮವೇ ಉತ್ತರವೇ?'. ಬರೆದು ಚಿತ್ರಿಸಿದವರು ಉತಾ ಇಸಾಕಿ. ಇಂಗ್ಲಿಷ್ ಆವೃತ್ತಿ 2023ರಲ್ಲಿ ಪ್ರಕಟವಾಯಿತು. ನಾಯಕಿ ಚಿಕಾ ಶಾಲೆಗೆ ಹೋಗುವ ಹುಡುಗಿ. ಗೆಳತಿಯರೆಲ್ಲ ಯಾರು ಯಾರನ್ನು ಮೆಚ್ಚಿದ್ದಾರೆಂದು ಪಿಸುಗುಟ್ಟುವಾಗ ಅವಳಿಗೆ ಹೇಳಲು ಏನೂ ಇಲ್ಲ. ಯಾರನ್ನೂ ಅವಳು ಆ ರೀತಿಯಲ್ಲಿ ಬಯಸಿದ್ದಿಲ್ಲ. ದೇಹದ ಸಾಮೀಪ್ಯವೂ ಅವಳಿಗೆ ಬೇಕೆನಿಸುವುದಿಲ್ಲ. ತಕ್ಕವನು ಇನ್ನೂ ಸಿಕ್ಕಿಲ್ಲವೆಂದು ಗೆಳತಿಯರು ಸಮಾಧಾನ ಹೇಳುತ್ತಾರೆ. ಚಿಕಾಗೆ ಸಮಾಧಾನವಾಗುವುದಿಲ್ಲ, ತಾನು ಬೇರೊಂದು ಗ್ರಹದಿಂದ ಬಂದ ಪ್ರಾಣಿಯೋ ಎಂದು ಅವಳು ಯೋಚಿಸುತ್ತಾಳೆ. ಮುಂದೆ ಕಾಲೇಜಿಗೆ ಹೋದಾಗ ತನ್ನಂಥವರು ಅನೇಕರಿದ್ದಾರೆಂದೂ ಅದಕ್ಕೊಂದು ಹೆಸರಿದೆಯೆಂದೂ ತಿಳಿಯುತ್ತದೆ. ಕಥೆ ಇಷ್ಟೆ. ಅವಳಿಗೆ ಯಾರೂ ಮದ್ದು ಕೊಡುವುದಿಲ್ಲ, ಕೊನೆಯ ಪುಟದಲ್ಲಿ ವರನೂ ಬರುವುದಿಲ್ಲ. ಆದರೂ ಪುಸ್ತಕ ಮುಚ್ಚಿದಾಗ ಕಥೆ ಅರ್ಧಕ್ಕೆ ನಿಂತಿತೆಂದು ನನಗೆ ಅನಿಸಲಿಲ್ಲ.

ಹೆಸರಿನ ವಿಚಾರ

ಆ ಹೆಸರು 'ಏಸೆಕ್ಷುಯಲ್'. ಕನ್ನಡದಲ್ಲಿ 'ಅಲೈಂಗಿಕ' ಎನ್ನುತ್ತಾರೆ. ಈ ಪದವನ್ನು ನಾನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದಿದ್ದೇನೆ. ಆದರೆ ಅದು ಹೈಡ್ರಾ, ಯೀಸ್ಟ್ ಮುಂತಾದವುಗಳ ಸಂತಾನವೃದ್ಧಿಯ ಪಾಠದಲ್ಲಿ. ಮನುಷ್ಯರ ವಿಷಯದಲ್ಲಿ ಅರ್ಥವೇ ಬೇರೆ. ದೇಹದಲ್ಲಿ ಯಾವ ಕೊರತೆಯೂ ಇಲ್ಲದೆ, ಗಂಡಿನತ್ತವಾಗಲಿ ಹೆಣ್ಣಿನತ್ತವಾಗಲಿ ಕಾಮದ ಸೆಳೆತ ಹುಟ್ಟದ ಸ್ವಭಾವಕ್ಕೆ ಈ ಹೆಸರು. ಇಂಥವರಲ್ಲಿ ಕೆಲವರಿಗೆ ಪ್ರೇಮ ಬೇಕು, ಸಂಗಾತಿ ಬೇಕು, ದೈಹಿಕ ಸಂಬಂಧ ಮಾತ್ರ ಬೇಡ. ಕೆಲವರಿಗೆ ಪ್ರೇಮದ ಸೆಳೆತವೂ ಇರುವುದಿಲ್ಲ. ಸ್ನೇಹ, ಮಮತೆ, ಕರ್ತವ್ಯ, ಹಾಸ್ಯ ಇವೆಲ್ಲ ಇತರರಲ್ಲಿ ಇರುವಷ್ಟೇ ಅವರಲ್ಲಿಯೂ ಇರುತ್ತವೆ.

ಇದು ಈಗಿನ ಕಾಲದ ಹುಡುಗರ ಹೊಸ ಹುಚ್ಚೆಂದು ಯಾರಾದರೂ ಹೇಳಿಯಾರು. ಅಮೆರಿಕದ ಸಂಶೋಧಕ ಆಲ್ಫ್ರೆಡ್ ಕಿನ್ಸಿ ಜನರ ಲೈಂಗಿಕ ನಡವಳಿಕೆಯ ಕುರಿತು 1948ರಲ್ಲಿ ಗ್ರಂಥ ಪ್ರಕಟಿಸಿದಾಗಲೇ, ತನ್ನ ಅಳತೆಗೋಲಿನ ಯಾವ ಮನೆಯಲ್ಲಿಯೂ ಕೂರದ ಕೆಲವರಿಗಾಗಿ 'ಎಕ್ಸ್' ಎಂಬ ಗುರುತನ್ನು ಇಟ್ಟಿದ್ದರು. 2004ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ಆಂಟನಿ ಬೊಗಾರ್ಟ್ ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯನ್ನು ಪರಿಶೀಲಿಸಿ, ಯಾರ ಬಗೆಗೂ ಇಂಥ ಸೆಳೆತವನ್ನು ಅನುಭವಿಸದವರು ಸುಮಾರು ನೂರಕ್ಕೆ ಒಬ್ಬರು ಎಂದು ಕಂಡರು. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ 5ನೆಯ ಆವೃತ್ತಿಯಲ್ಲಿ, ತನ್ನನ್ನು ಅಲೈಂಗಿಕನೆಂದು ಗುರುತಿಸಿಕೊಳ್ಳುವವನಿಗೆ ಕಾಮೇಚ್ಛೆಯ ಅಭಾವವೆಂಬ ರೋಗದ ಹೆಸರನ್ನು ಹಚ್ಚಬಾರದೆಂದು ಸೂಚಿಸಿದೆ. ಮೊದಲು ಇದ್ದ ಆಸೆ ಹಠಾತ್ತನೆ ಕುಗ್ಗಿ ವ್ಯಕ್ತಿ ಅದರಿಂದ ನೊಂದರೆ ವೈದ್ಯರನ್ನು ಕಾಣುವುದು ಸರಿಯೇ. ಹುಟ್ಟುಗುಣಕ್ಕೆ ಚಿಕಿತ್ಸೆ ಹುಡುಕುವುದು ಬೇರೆ ಮಾತು.

ನೂರಕ್ಕೆ ಒಬ್ಬರೆಂಬ ಸಂಖ್ಯೆಯನ್ನು ಓದಿದ ರಾತ್ರಿ ನನಗೆ ಬೇಗನೆ ನಿದ್ದೆ ಬರಲಿಲ್ಲ. ನನ್ನ ಸೇವಾವಧಿಯಲ್ಲಿ ನನ್ನೆದುರು ಕುಳಿತು ಹೋದ ಮಕ್ಕಳು ಎರಡು ಸಾವಿರಕ್ಕೆ ಕಡಿಮೆಯಿಲ್ಲ. ಒಂದು ದೇಶದ ಲೆಕ್ಕವನ್ನು ಇನ್ನೊಂದು ನಾಡಿಗೆ ಹಾಗೆಯೇ ಹಚ್ಚಲಾಗದು. ಆದರೂ ಅದೇ ಪ್ರಮಾಣವೆಂದರೆ ಇಪ್ಪತ್ತು ಮಕ್ಕಳು. ಆ ಇಪ್ಪತ್ತು ಮಂದಿಯಲ್ಲಿ ಎಷ್ಟು ಮಂದಿ ಬಾಯಿ ಬಿಡಲಾರದೆ ಹಸೆಮಣೆ ಏರಿದರೋ, ಎಷ್ಟು ಮಂದಿಗೆ ನಾನೇ ಬುದ್ಧಿ ಹೇಳಿದೆನೋ!

ಹಿಂದಿನ ಕಥೆಗಳಲ್ಲಿ ಅವರು ಎಲ್ಲಿದ್ದರು?

ಕಾಮವಿಲ್ಲದ ನಾಯಕ ಕಥಾಲೋಕಕ್ಕೆ ಹೊಸಬನಲ್ಲ. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ಸೃಷ್ಟಿಸಿದ ಪತ್ತೇದಾರ ಶರ್ಲಾಕ್ ಹೋಮ್ಸ್ ಯಾವ ಹೆಣ್ಣಿಗೂ ಮನಸ್ಸು ಕೊಡಲಿಲ್ಲ. ಓದುಗರು ಅದನ್ನು ತಕರಾರಿಲ್ಲದೆ ಒಪ್ಪಿದರು. ಏಕೆಂದರೆ ಆತ ಅಸಾಧಾರಣ ಬುದ್ಧಿವಂತ. ಹೀಗೆ ಬಹುಕಾಲ ಇಂಥ ಸ್ವಭಾವ ಕಥೆಗಳಲ್ಲಿ ಮೇಧಾವಿಗೋ, ಯಂತ್ರಮಾನವನಿಗೋ, ಕಲ್ಲೆದೆಯ ಖಳನಿಗೋ ಮೀಸಲಾಗಿತ್ತು. ಪಕ್ಕದ ಮನೆಯ ಸಾಧಾರಣ ಹುಡುಗಿಗೆ ಅದನ್ನು ಕೊಟ್ಟವರು ವಿರಳ.

ನಮ್ಮ ಪರಂಪರೆಯಲ್ಲಿಯೂ ಮದುವೆಯಾಗದವರಿಗೆ ಗೌರವದ ಸ್ಥಾನವಿದೆ. ಆದರೆ ಆ ಸ್ಥಾನಕ್ಕೊಂದು ಬೆಲೆಯಿದೆ. ಭೀಷ್ಮನ ಹಿರಿಮೆ ಇರುವುದು ಅವನ ಪ್ರತಿಜ್ಞೆಯಲ್ಲಿ, ಬಿಡಬೇಕಾದದ್ದನ್ನು ಬಿಟ್ಟದ್ದರಲ್ಲಿ. ಬ್ರಹ್ಮಚಾರಿ ಕಾಮವನ್ನು ಗೆಲ್ಲುತ್ತಾನೆ, ಸನ್ಯಾಸಿ ತ್ಯಜಿಸುತ್ತಾನೆ. ಗೆಲ್ಲಲು ಎದುರಾಳಿಯೇ ಇಲ್ಲದವನಿಗೆ, ತ್ಯಜಿಸಲು ಆಸ್ತಿಯೇ ಇಲ್ಲದವನಿಗೆ ನಾವು ಏನೆನ್ನಬೇಕು? ಅವನು ತಪಸ್ವಿಯಲ್ಲ, ಅವನಿಗೆ ಕಾವಿ ಬೇಡ. ಹಬ್ಬದ ಹೋಳಿಗೆ, ಯಕ್ಷಗಾನ, ಅಣ್ಣನ ಮಕ್ಕಳು, ತಿಂಗಳ ಸಂಬಳ ಇವೆಲ್ಲ ಅವನಿಗೆ ಬೇಕು. ವ್ರತವಿಲ್ಲದೆ ಒಂಟಿಯಾಗಿರುವವರನ್ನು ಕೂರಿಸಲು ನಮ್ಮಲ್ಲಿ ಮಣೆಯಿಲ್ಲ. ಆದ್ದರಿಂದ ಜಾತಕದಲ್ಲಿ ದೋಷ ಹುಡುಕುತ್ತೇವೆ, ಹಳೆಯ ಪ್ರೇಮಭಂಗವನ್ನು ಊಹಿಸುತ್ತೇವೆ, ವೈದ್ಯರ ವಿಳಾಸ ಕೊಡುತ್ತೇವೆ.

ಸಮುದ್ರತೀರದ ಗೋಪುರ

ಆ ಮಣೆಯನ್ನು ಹಾಕಿಕೊಟ್ಟ ಮೊದಲಿಗರಲ್ಲಿ ನ್ಯೂಜಿಲೆಂಡಿನ ಲೇಖಕಿ ಕೆರಿ ಹುಲ್ಮ್ ಒಬ್ಬರು. ಹಲವು ಪ್ರಕಾಶಕರು ತಿರಸ್ಕರಿಸಿದ ಅವರ 'ದಿ ಬೋನ್ ಪೀಪಲ್' ಕಾದಂಬರಿಯನ್ನು 1984ರಲ್ಲಿ ಮಹಿಳೆಯರ ಒಂದು ಸಣ್ಣ ಬಳಗ ಪ್ರಕಟಿಸಿತು. ಮರುವರ್ಷ ಅದಕ್ಕೆ ಬೂಕರ್ ಪ್ರಶಸ್ತಿ ಬಂತು. ನಾಯಕಿ ಕೆರೆವಿನ್ ಚಿತ್ರಕಾರ್ತಿ. ಬಂಧುಗಳಿಂದ ದೂರವಾಗಿ ಸಮುದ್ರತೀರದಲ್ಲಿ ತಾನೇ ಕಟ್ಟಿಸಿಕೊಂಡ ಗೋಪುರದಲ್ಲಿ ವಾಸಿಸುವವಳು. ಮಾತಾಡದ ಒಬ್ಬ ಹುಡುಗ, ಅವನನ್ನು ಸಾಕಿದ ಜೋ ಎಂಬ ಮಾವೊರಿ ಗಂಡಸು ಅವಳ ಬದುಕಿನೊಳಕ್ಕೆ ಬರುತ್ತಾರೆ. ಜೋನ ಮನಸ್ಸಿನಲ್ಲಿ ಮದುವೆಯ ಆಸೆ. ಕೆರೆವಿನ್‌ಗೆ ಅಂಥ ಸೆಳೆತವೇ ಇಲ್ಲ, ಅದನ್ನು ಅವಳು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಕಾದಂಬರಿಯಲ್ಲಿ ಕ್ರೌರ್ಯವೂ ಇದೆ, ನೋವೂ ಇದೆ. ಕೊನೆಗೆ ಮೂವರೂ ಒಂದು ಮನೆಯವರಾಗುತ್ತಾರೆ. ಗಂಡಹೆಂಡಿರ ಸಂಬಂಧವಿಲ್ಲದ ಆ ಮನೆಯನ್ನು ಲೇಖಕಿ ಕುಟುಂಬವೆಂದೇ ಪರಿಗಣಿಸಿದ್ದಾರೆ. 2021ರಲ್ಲಿ ನಿಧನರಾದ ಹುಲ್ಮ್ ತಾವೂ ಅಲೈಂಗಿಕ ಸ್ವಭಾವದವರೆಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದರು.

ಇನ್ನೊಂದು ಉದಾಹರಣೆ ನಮ್ಮ ಮಕ್ಕಳಿಗೂ ಪರಿಚಿತ. ಅಮೆರಿಕದ ಆರ್ಚೀ ಚಿತ್ರಕಥೆಗಳನ್ನು ಭಾರತದ ಇಂಗ್ಲಿಷ್ ಓದುವ ಮಕ್ಕಳು ಬಹಳ ವರ್ಷಗಳಿಂದ ಓದುತ್ತಾ ಬಂದಿದ್ದಾರೆ. ಅದರಲ್ಲಿ ಜಗ್‌ಹೆಡ್ ಎಂಬ ಹುಡುಗ 1941ರಿಂದಲೂ ಹುಡುಗಿಯರ ಗೊಡವೆಗೆ ಹೋಗದೆ ತಿನ್ನುವುದರಲ್ಲಿ ಮಗ್ನ. ಅದನ್ನು ಹಾಸ್ಯವೆಂದೇ ಎಲ್ಲರೂ ನಕ್ಕರು. 2016ರಲ್ಲಿ ಚಿಪ್ ಜ್ಡಾರ್ಸ್ಕಿ ಎಂಬ ಲೇಖಕರು ಅವನು ಅಲೈಂಗಿಕನೆಂದು ಕಥೆಯೊಳಗೇ ಸ್ಪಷ್ಟಪಡಿಸಿದರು. ಎಪ್ಪತ್ತೈದು ವರ್ಷ ನಕ್ಕವರಿಗೆ ಹುಡುಗನ ಮನಸ್ಸು ಆಗ ಕಂಡಿತು. ಆದರೆ 2017ರಲ್ಲಿ ಪ್ರಾರಂಭವಾದ 'ರಿವರ್‌ಡೇಲ್' ಎಂಬ ದೂರದರ್ಶನ ಧಾರಾವಾಹಿಯಲ್ಲಿ ಅದೇ ಹುಡುಗನಿಗೆ ಒಬ್ಬ ಪ್ರೇಯಸಿಯನ್ನು ಜೊತೆಮಾಡಲಾಯಿತು! ಕಥೆಯ ಹುಡುಗನನ್ನೂ ಒಂಟಿಯಾಗಿ ಬಿಡಲೊಲ್ಲದ ಲೋಕ ಇದು.

ಜಪಾನಿನ ಇನ್ನೂ ಮೂರು ಕಥೆಗಳು

ನನ್ನ ವಿದ್ಯಾರ್ಥಿನಿ ಒಂದರ ಬೆನ್ನಿಗೆ ಒಂದರಂತೆ ನನಗೆ ಪುಸ್ತಕಗಳನ್ನು ಒದಗಿಸುತ್ತಾ ಹೋದಳು. ಯೂಕಿ ಕಮತಾನಿ ಎಂಬವರ ಮಾಂಗಾ 'ಅವರ್ ಡ್ರೀಮ್ಸ್ ಅಟ್ ಡಸ್ಕ್' ಜಪಾನಿನಲ್ಲಿ 2015ರಿಂದ 2018ರ ವರೆಗೆ ಪ್ರಕಟವಾಗಿ ನಾಲ್ಕು ಸಂಪುಟಗಳಲ್ಲಿ ಮುಗಿದಿದೆ. ಹಿರೋಶಿಮಾ ಪ್ರಾಂತದ ಒನೊಮಿಚಿ ಎಂಬ ಗುಡ್ಡದ ಇಳಿಜಾರಿನ ಕಡಲೂರಿನಲ್ಲಿ ಕಥೆ ನಡೆಯುತ್ತದೆ. ಸಹಪಾಠಿಗಳ ಮುಂದೆ ತನ್ನ ಗುಟ್ಟು ಬಯಲಾಯಿತೆಂದು ಸಾಯಹೊರಟ ತಾಸುಕು ಎಂಬ ಹುಡುಗ, ಅಲ್ಲಿನ ಒಂದು ಹಳೆಯ ಮನೆಯಲ್ಲಿ ನಡೆಯುವ ವಿಶ್ರಾಂತಿ ಕೇಂದ್ರಕ್ಕೆ ಬರುತ್ತಾನೆ. ಆ ಕೇಂದ್ರದ ಒಡತಿಯನ್ನು ಎಲ್ಲರೂ 'ದಾರೆಕಾ-ಸಾನ್', ಎಂದರೆ 'ಯಾರೋ ಒಬ್ಬರು' ಎಂದಷ್ಟೇ ಕರೆಯುತ್ತಾರೆ. ಅವರಿಗೆ ಯಾರ ಮೇಲೂ ಆ ಬಗೆಯ ಸೆಳೆತವಿಲ್ಲ. ಬಂದವರು ಹೇಳಿದ್ದನ್ನು ಕೇಳುವುದು, ಹೇಳದ್ದನ್ನು ಕೇಳದಿರುವುದು ಅವರ ರೀತಿ. ಶಿಕ್ಷಕ ತರಬೇತಿಯಲ್ಲಿ ನಮಗೆ ಪ್ರಶ್ನೆ ಕೇಳುವ ಕಲೆಯನ್ನು ಕಲಿಸಿದ್ದರು. ಕೇಳದಿರುವ ಕಲೆಯನ್ನು ನಾನು ಈ ಚಿತ್ರಗಳಿಂದ ಕಲಿಯಬೇಕಾಯಿತು. ಕಮತಾನಿಯವರೂ ತಮ್ಮನ್ನು ಅಲೈಂಗಿಕರೆಂದು ಹೇಳಿಕೊಂಡವರೇ.

ಎರಡನೆಯದು ಸಯಾಕಾ ಮುರಾತಾ ಬರೆದ, 2016ರಲ್ಲಿ ಜಪಾನಿನ ಅಕುತಾಗಾವಾ ಪ್ರಶಸ್ತಿ ಪಡೆದ ಕಿರುಕಾದಂಬರಿ. ಇಂಗ್ಲಿಷಿನಲ್ಲಿ 'ಕನ್ವೀನಿಯನ್ಸ್ ಸ್ಟೋರ್ ವುಮನ್'. ನಾಯಕಿ ಕೇಕೊಗೆ ಮೂವತ್ತಾರು ವರ್ಷ. ಹದಿನೆಂಟು ವರ್ಷಗಳಿಂದ ಒಂದೇ ಅಂಗಡಿಯಲ್ಲಿ ಸಾಮಾನು ಜೋಡಿಸಿ ಗಿರಾಕಿಗಳನ್ನು ಸ್ವಾಗತಿಸುವ ಕೆಲಸ. ಅವಳಿಗೆ ಅದರಲ್ಲಿ ತೃಪ್ತಿಯಿದೆ, ತೃಪ್ತಿಯಿಲ್ಲದಿರುವುದು ಸುತ್ತಲಿನವರಿಗೆ. ಅವರ ಬಾಯಿ ಮುಚ್ಚಿಸಲೆಂದು ಅವಳು ಒಬ್ಬ ಸೋಮಾರಿ ಗಂಡಸನ್ನು ತಂದು ಮನೆಯಲ್ಲಿ ಇರಿಸಿಕೊಳ್ಳುತ್ತಾಳೆ. ಇಬ್ಬರ ನಡುವೆ ಏನೂ ಇಲ್ಲ, ಪರಸ್ಪರ ಗೌರವವೂ ಇಲ್ಲ. ಆದರೂ ಮನೆಯಲ್ಲಿ ಗಂಡಸೊಬ್ಬನಿದ್ದಾನೆಂದು ತಿಳಿದದ್ದೇ ತಡ, ಎಲ್ಲರಿಗೂ ಹಿಗ್ಗು! ಲೇಖಕಿ 'ಅಲೈಂಗಿಕ' ಎಂಬ ಪಟ್ಟಿಯನ್ನು ಕೇಕೊಗೆ ಅಂಟಿಸಿಲ್ಲ. ಆದರೆ ಅವಳಲ್ಲಿ ತಮ್ಮನ್ನು ಕಂಡುಕೊಂಡ ಓದುಗರು ಬಹಳ. ಆ ಹಿಗ್ಗಿನ ಪುಟಗಳನ್ನು ಓದುವಾಗ ನಾನು ಊಟಮಾಡಿದ ಎಷ್ಟೋ ಮದುವೆಯ ಮನೆಗಳು ನೆನಪಾಗಿ ನಗುವೂ ಬಂತು, ಸಂಕಟವೂ ಆಯಿತು.

ಮೂರನೆಯದು ಪುಸ್ತಕವಲ್ಲ, ನಾಟಕ. ಜಪಾನಿನ ಸಾರ್ವಜನಿಕ ದೂರದರ್ಶನ ಸಂಸ್ಥೆಯಾದ ಎನ್.ಎಚ್.ಕೆ. 2022ರಲ್ಲಿ ಎಂಟು ಕಂತುಗಳಲ್ಲಿ ಪ್ರಸಾರಮಾಡಿದ 'ಕೊಯಿಸೆನು ಫುತಾರಿ', ಎಂದರೆ 'ಪ್ರೇಮಿಸದ ಇಬ್ಬರು'. ಬರೆದವರು ಎರಿಕಾ ಯೋಶಿದಾ. ಇದಕ್ಕಾಗಿ ಅವರಿಗೆ ದೂರದರ್ಶನ ನಾಟಕಕಾರರಿಗೆ ಕೊಡುವ ಮುಕೋದಾ ಕುನಿಕೊ ಪ್ರಶಸ್ತಿ ದೊರೆಯಿತು. ಸಕುಕೊ ಎಂಬ ಹೆಣ್ಣುಮಗಳು, ತರಕಾರಿ ವಿಭಾಗದಲ್ಲಿ ಕೆಲಸಮಾಡುವ ತಾಕಾಹಾಶಿ ಎಂಬ ಗಂಡಸು, ಇಬ್ಬರೂ ಪ್ರೇಮವನ್ನೂ ಕಾಮವನ್ನೂ ಅರಿಯದವರು. ಆದರೆ ಒಂಟಿತನ ಅವರಿಗೂ ಬೇಡ. ಇಬ್ಬರೂ ಒಂದೇ ಸೂರಿನಡಿಯಲ್ಲಿ ತಾತ್ಕಾಲಿಕ ಕುಟುಂಬವಾಗಿ ಬಾಳಿ ನೋಡಲು ನಿಶ್ಚಯಿಸುತ್ತಾರೆ. ಒಟ್ಟಿಗೆ ಅಡಿಗೆ, ಒಟ್ಟಿಗೆ ಊಟ, ಕಾಯಿಲೆಯಾದಾಗ ಪರಸ್ಪರ ಆರೈಕೆ. ಹೆತ್ತವರಿಗೆ ವಿವರಿಸುವ ಹೊತ್ತಿನಲ್ಲಿ ಮಾತ್ರ ಆ ಮನೆಯ ನೆಮ್ಮದಿ ಕದಡುತ್ತದೆ. ಸಕುಕೊಳ ತಾಯಿ ಕೆಟ್ಟವಳಲ್ಲ. ಮಗಳ ಸುಖವನ್ನೇ ಬಯಸುವವಳು. ಸುಖಕ್ಕೆ ಒಂದೇ ಆಕಾರವಿದೆಯೆಂದು ನಂಬಿದ್ದು ಅವಳ ತಪ್ಪು. ಅದು ನನ್ನ ತಪ್ಪೂ ಆಗಿತ್ತು.

'ನಾಳೆ ಯಾರು ನೋಡಿಕೊಳ್ಳುತ್ತಾರೆ?'

ಇಷ್ಟೆಲ್ಲ ಓದಿದ ಮೇಲೆ ನಾನು ಪುನಃ ಅವರ ಮನೆಗೆ ಹೋದೆ. ಈ ಬಾರಿ ಮಾತಾಡಿದ್ದು ತಂದೆಯೊಡನೆ. ಅಡಿಕೆ ಸುಲಿಯುತ್ತಿದ್ದ ಅವರು ಕೈ ನಿಲ್ಲಿಸದೆ ಕೇಳಿದರು. ಮಗಳಿಗೆ ರೋಗವಿಲ್ಲ, ಯಾರೂ ಅವಳನ್ನು ಕೆಡಿಸಿಲ್ಲ, ನಿಮ್ಮ ಸಾಕುವಿಕೆಯಲ್ಲಿ ಕುಂದಿಲ್ಲ ಎಂದೆ. ಬಹಳ ಹೊತ್ತು ಸುಮ್ಮನಿದ್ದು ಅವರು ಹೇಳಿದರು: "ಅದೆಲ್ಲ ಇರಲಿ ಮಾಷ್ಟ್ರೇ. ನಾನೂ ಅವಳ ಅಮ್ಮನೂ ಹೋದ ಮೇಲೆ ಅವಳಿಗೆ ಜ್ವರ ಬಂದರೆ ಒಂದು ಲೋಟ ಗಂಜಿ ಕೊಡುವವರು ಯಾರು?"

ಇದು ಅಜ್ಞಾನದ ಪ್ರಶ್ನೆಯಲ್ಲ, ಪ್ರೀತಿಯ ಪ್ರಶ್ನೆ. ಕಥೆಗಳನ್ನು ಓದಿ ಬಂದ ಮಾತ್ರಕ್ಕೆ ಇದನ್ನು ತಳ್ಳಿಹಾಕಲು ಸಾಧ್ಯವಿಲ್ಲ. ಆದರೆ ಗಮನಿಸಬೇಕು: ನಾನು ಮೇಲೆ ಹೇಳಿದ ಕಥೆಗಳಲ್ಲಿ ಕೆರೆವಿನ್‌ಳ ಗೋಪುರ, ಒನೊಮಿಚಿಯ ಹಳೆಯ ಮನೆ, ಸಕುಕೊ ತಾಕಾಹಾಶಿಯರ ಅಡಿಗೆಮನೆ, ಇವೆಲ್ಲ ಈ ಗಂಜಿಯ ಪ್ರಶ್ನೆಗೇ ಉತ್ತರ ಹುಡುಕುತ್ತವೆ. ಮದುವೆಯಿಲ್ಲದವಳಿಗೆ ಮನೆಯಿಲ್ಲವೆಂದು ಆಗಬೇಕಾಗಿಲ್ಲ. ಮನೆಯನ್ನು ಬೇರೆ ದಾರದಿಂದಲೂ ಹೆಣೆಯಬಹುದು. ನಮ್ಮ ಹಳೆಯ ಕೂಡುಕುಟುಂಬಗಳಲ್ಲಿ ಮದುವೆಯಾಗದ ಚಿಕ್ಕಮ್ಮನೋ ಸೋದರಮಾವನೋ ಇದ್ದೇ ಇರುತ್ತಿದ್ದರು. ಅವರಿಗೆ ಗಂಜಿ ತಪ್ಪಿದ್ದಿಲ್ಲ. ಅವರ ಮನಸ್ಸನ್ನು ಯಾರೂ ಕೇಳಲಿಲ್ಲ, ಅಷ್ಟೆ. ಮದುವೆಯಾದವರಿಗೆಲ್ಲ ಮುಪ್ಪಿನಲ್ಲಿ ಗಂಜಿ ಸಿಗುತ್ತದೆಯೇ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಮಕ್ಕಳೆಲ್ಲ ದೂರದಲ್ಲಿರುವ ಎಷ್ಟೋ ಮನೆಗಳು ನಮ್ಮ ಊರಿನಲ್ಲಿಯೇ ಇವೆ. ಆದರೆ ನೊಂದ ತಂದೆಯ ಮುಂದೆ ವಾದ ಗೆದ್ದು ಆಗಬೇಕಾದದ್ದೇನು? ಅವಳ ಹೆಸರಿಗೆ ಸ್ವಲ್ಪ ಜಾಗವನ್ನು ಸ್ಪಷ್ಟವಾಗಿ ಬರೆದಿಡಿ, ಅವಳ ಗೆಳತಿಯರನ್ನು ಮನೆಗೆ ಕರೆಯಿರಿ, ಅಣ್ಣನ ಮಕ್ಕಳು ಅತ್ತೆಯ ಜೊತೆಯಲ್ಲಿ ಬೆಳೆಯಲಿ ಎಂದಷ್ಟೇ ಹೇಳಿದೆ. ಅವರು ಒಪ್ಪಿದರೆಂದು ಹೇಳಲಾರೆ. ಆ ಬಳಿಕ ಮನೆಗೆ ದಲ್ಲಾಳಿ ಬಂದಿಲ್ಲವೆಂಬುದು ಮಾತ್ರ ನನಗೆ ತಿಳಿದಿದೆ.

ಮನೆಯಿಂದ ಹೊರಡುವಾಗ ಅಂಗಳದಲ್ಲಿ ಅವಳನ್ನು ಕಂಡು, ವೈದ್ಯರ ಮಾತೆತ್ತಿದ್ದು ತಪ್ಪಾಯಿತೆಂದೆ. ಶಿಷ್ಯೆಯ ಮುಂದೆ ಗುರು ಹೀಗೆ ಹೇಳುವುದು ನಮ್ಮಲ್ಲಿ ರೂಢಿಯಿಲ್ಲ. ಅವಳು ನಕ್ಕು, "ಪುಸ್ತಕವನ್ನು ಸರಿಯಾದ ಕಡೆಯಿಂದ ಓದಿದಿರಲ್ಲ, ಸಾಕು ಮಾಷ್ಟ್ರೇ" ಎಂದಳು.

ನಮ್ಮ ಮಕ್ಕಳೆಲ್ಲರೂ ಅಲೈಂಗಿಕರೆಂದು ಯಾರೂ ಹೇಳುತ್ತಿಲ್ಲ. ಮದುವೆಯನ್ನು ಮುಂದೂಡುವ ಪ್ರತಿಯೊಬ್ಬರಿಗೂ ಅವರವರದೇ ಕಾರಣವಿರಬಹುದು: ಓದು, ಉದ್ಯೋಗ, ಬೇರೊಬ್ಬರಲ್ಲಿ ಮನಸ್ಸು, ಭಯ. ಆದರೆ ಮಗನೋ ಮಗಳೋ "ನನಗೆ ಅದು ಬೇಕೆನಿಸುವುದಿಲ್ಲ" ಎಂದು ಧೈರ್ಯಮಾಡಿ ಹೇಳಿದ ದಿನ, ಈ ಪತ್ರಿಕೆಯನ್ನು ಓದುವ ತಂದೆತಾಯಂದಿರು ಒಂದು ಕ್ಷಣ ತಡೆದು, ಆ ಮಾತನ್ನು ಇದ್ದಂತೆಯೇ ಕೇಳಿಸಿಕೊಳ್ಳಬೇಕೆಂದು ನನ್ನ ವಿನಂತಿ. ಮಾತೊಂದು ಬಾಯಿಂದ ಹೊರಬರಲು ಅವರಿಗೆ ಎಷ್ಟು ವರ್ಷ ಬೇಕಾಗಿತ್ತೋ ನಮಗೆ ತಿಳಿಯದು. ಚಿಕಾಳಂತೆ ತಮ್ಮನ್ನು ಬೇರೆ ಗ್ರಹದವರೆಂದು ಭಾವಿಸಿಕೊಂಡು ಅವರು ನಮ್ಮ ಮನೆಯಲ್ಲಿಯೇ ಪರಕೀಯರಾಗಿ ಬಾಳುವಂತೆ ಆಗದಿರಲಿ.